ನಮ್ಮಜ್ಜಿಯದಲ್ಲದ ತಟ್ಟೆ

ಮೊನ್ನೆ ಇಂದಿರಾನಗರದ ದೊಡ್ಡ ಅಂಗಡಿಯೊಂದಕ್ಕೆ ಚಪ್ಪಲಿ ಸ್ಟ್ಯಾಂಡ್ ನೋಡಲು ಹೋಗಿದ್ದೆ. ನನಗೆ ಬೇಕಾದ ಸ್ಟ್ಯಾಂಡ್ ಅಲ್ಲಿ ಇಲ್ಲ ಎಂಬುದು ಎರಡೇ ನಿಮಿಷದಲ್ಲಿ ಗೊತ್ತಾಯಿತು. ಆದರೆ ಹೊರಗೆ ಸುಡುವ ಬಿಸಿಲು, ಒಳಗೆ ಎಸಿ. ಹಾಗಾಗಿ ಎಲ್ಲವನ್ನೂ ಕೊಳ್ಳಲು ಬಂದವಳ ಮುಖ ಮಾಡಿಕೊಂಡು ಇನ್ನಷ್ಟು ಒಳಗೆ ಹೋದೆ. ಕೊನೆಯ ಗೋಡೆಯ ಮೇಲೆ, ಅದಕ್ಕೆಂದೇ ಹಾಕಿದ ಸಣ್ಣ ದೀಪದ ಕೆಳಗೆ, ಒಂದು ದುಂಡನೆಯ ಮರದ ತಟ್ಟೆ ನೇತುಹಾಕಿದ್ದರು. ನಡುವೆ ಸಪಾಟು. ಸುತ್ತಲೂ ಸ್ವಲ್ಪ ಎತ್ತರದ ಅಂಚು, ಅಂಚಿನ ತುಂಬ ಕೆತ್ತನೆ, ಮೇಲ್ಗಡೆ ಒಂದು ಮುಖ. ಉಬ್ಬಿದ ಕಣ್ಣು, ದಪ್ಪ ಮೂಗು, ಬಿಗಿಯಾಗಿ ಮುಚ್ಚಿದ ಬಾಯಿ. ನನಗೇ ತಿಳಿಯದೆ ಕೈ ಹೋಗಿ ಅದರ ನಡುವೆ ಒಂದೇಟು ತಟ್ಟಿತು.

"ಮೇಡಂ, ಪ್ಲೀಸ್ ಮುಟ್ಬೇಡಿ. ಅದು ಆಫ್ರಿಕನ್ ಪೀಸು," ಅಂದಳು ಅಲ್ಲಿ ಕೆಲಸಕ್ಕಿದ್ದ ಹುಡುಗಿ.

"ಗೊತ್ತಮ್ಮ. ಇಂಥದ್ರ ಮೇಲೆ ನಾನು ಎರಡು ವರ್ಷ ಜೋಳದ ರೊಟ್ಟಿ ಬಡ್ದಿದೀನಿ," ಅಂದೆ.

ಅವಳು ಬಹಳ ಚೆನ್ನಾಗಿ ನಕ್ಕಳು. ನಗುತ್ತಲೇ ಬಂದು ನನಗೂ ಆ ಗೋಡೆಗೂ ನಡುವೆ ನಿಂತುಕೊಂಡಳು.

ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವ ಜಾಗ ಒಂದೂ ಇಲ್ಲ. ಹುಡುಕಿ ನೋಡಿದೆ, ಸಿಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಅಪ್ಪ ಟೈಲರ್. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಅಪ್ಪನ ಅಂಗಡಿಯಲ್ಲಿ ಬಂದ ಗಿರಾಕಿಯ ಮುಖ ನೋಡಿ ಉರ್ದುವೋ ಇಂಗ್ಲಿಷೋ. ನಾನು ಅಂಗಡಿಯ ಮೂಲೆಯಲ್ಲಿ ಕೂತು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ಚೂರುಗಳನ್ನು ಕದ್ದು, ನೆಲದ ಮೇಲೆ ಬರೆದು, ನಾಲ್ಕು ಭಾಷೆಯಲ್ಲಿ ಬೈಸಿಕೊಂಡು ಬೆಳೆದೆ. ನಮ್ಮ ಮನೆಯ ಯಜಮಾನಿ ಅಂದರೆ ಅಜ್ಜಿ, ಅಪ್ಪನ ಅಮ್ಮ. ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಸಾಲ ಕೇಳಿದರೆ, ಲೋಟದ ಮೇಲೆ ಬೆರಳು ಸವರಿ, ಉಬ್ಬಿದ್ದನ್ನೆಲ್ಲ ಡಬ್ಬಿಗೆ ಬೀಳಿಸಿಕೊಂಡು ಕೊಡುತ್ತಿದ್ದಳು. ಅವಳ ಕೈಯಿಂದ ಯಾರಿಗಾದರೂ ಏನಾದರೂ ಸುಮ್ಮನೆ ಹೋದದ್ದನ್ನು ನಾನಂತೂ ಕಂಡಿಲ್ಲ. ಮುದ್ದೆ ಮಾತ್ರ ಚೆನ್ನಾಗಿ ಮಾಡುತ್ತಿದ್ದಳು. ರೊಟ್ಟಿ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಮಾಡುತ್ತಿದ್ದ ಪದಾರ್ಥವೇ ಅಲ್ಲ.

ಇಂಥ ಮನೆಯ ಹುಡುಗಿಯನ್ನು ತೊಂಬತ್ತರ ದಶಕದ ಕೊನೆಯಲ್ಲಿ ಯಾದಗಿರಿ ಕಡೆಯವರಿಗೆ ಕೊಟ್ಟರು. ನಮ್ಮನೆಯವರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಟರ್ನರ್. ಜೋಗುಪಾಳ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅತ್ತೆ ಸಿದ್ದಮ್ಮ ಊರಿನಿಂದ ಬಂದು ನಮ್ಮ ಜೊತೆಗೇ ಇದ್ದರು. ತವರಿನಿಂದ ಮದುವೆಗೆ ಹೊರಟಾಗ ಅಮ್ಮ ಕಿವಿಯಲ್ಲಿ, "ಅಲ್ಲಿ ಎರಡು ಹೊತ್ತೂ ರೊಟ್ಟಿಯಂತೆ ಕಣೇ, ಹೆಂಗೋ ಸುಧಾರಿಸ್ಕೋ," ಅಂದಿದ್ದಳು. ಅದೇನು ಮಹಾ, ಚಪಾತಿಯ ಅಣ್ಣನೋ ತಮ್ಮನೋ ಇರಬೇಕು ಎಂದುಕೊಂಡು ನಾನು ಧೈರ್ಯವಾಗಿ ಹೋದೆ.

ಜೋಳದ ರೊಟ್ಟಿ ಬಡಿಯಲು ಕೂತವರಿಗೆ ಗೊತ್ತು. ಕುದಿಯುವ ನೀರು ಹಾಕಿ ಹಿಟ್ಟು ನಾದಬೇಕು, ಕೈ ಸುಡುತ್ತದೆ. ಉಂಡೆ ಮಾಡಿ ತಟ್ಟೆಯ ಮೇಲಿಟ್ಟು ಎರಡೂ ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು, ಅದು ತಿರುಗುವುದಿಲ್ಲ. ತಿರುಗಿದರೆ ಅಂಚು ಸೀಳುತ್ತದೆ. ಸೀಳದಿದ್ದರೆ ಎತ್ತುವಾಗ ಹರಿಯುತ್ತದೆ. ನಮ್ಮತ್ತೆ ಮಾತಾಡುತ್ತ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ಹುಣ್ಣಿಮೆ ಚಂದ್ರನಂಥ ರೊಟ್ಟಿಯನ್ನು ಹಂಚಿಗೆ ಎಸೆಯುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಬಡಿದ ಮೊದಲ ರೊಟ್ಟಿಯನ್ನು ಅವರು ಎರಡು ಬೆರಳಿನಲ್ಲಿ ಎತ್ತಿ ನೋಡಿದರು.

"ಇದಕ್ಕ ಮೂಲಿ ಎಷ್ಟವ, ಎಣಸವಾ ಒಂದೀಟು," ಅಂದರು.

ಬೈಗುಳವಲ್ಲ ಅದು. ಅತ್ತೆಗೆ ಬೈಯಲು ಬರುತ್ತಿರಲಿಲ್ಲ. ಬಂದಿದ್ದರೆ ನನಗೆ ಒಳ್ಳೆಯದಿತ್ತು. ಆರು ತಿಂಗಳಾದರೂ ನನ್ನ ರೊಟ್ಟಿಗೆ ಮೂಲೆ ಹೋಗಲಿಲ್ಲ. ಅವರ ಬಳಗದವರು ಯಾರಾದರೂ ಊಟಕ್ಕೆ ಬಂದರೆ ಅತ್ತೆ ನನ್ನನ್ನು ಪಲ್ಯಕ್ಕೆ ಹಚ್ಚಿ ತಾವೇ ರೊಟ್ಟಿಗೆ ಕೂರುತ್ತಿದ್ದರು, ಮಂಡಿನೋವಿದ್ದರೂ. ಬಂದವರು ಹಿಟ್ಟಿನ ಮುಂದೆ ಕೂತ ಅತ್ತೆಯನ್ನೂ ಸೌತೆಕಾಯಿ ಹೆಚ್ಚುತ್ತಿದ್ದ ನನ್ನನ್ನೂ ಒಂದು ಸಲ ನೋಡಿ, ಸುಮ್ಮನೆ ಉಣ್ಣುತ್ತಿದ್ದರು.

ಅತ್ತೆ ರೊಟ್ಟಿ ಬಡಿಯುತ್ತಿದ್ದ ಮರದ ತಟ್ಟೆ ಅವರ ತವರಿನದು. ಊರಿನಿಂದ ಬರುವಾಗ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಒಂದು ದಿನ ನಾನು ಸೊಸೆಯ ಶ್ರದ್ಧೆ ತೋರಿಸಲು ಹೋಗಿ ಅದಕ್ಕೆ ಕುದಿಯುವ ನೀರು ಹುಯ್ದು, ತಿಕ್ಕಿ ತೊಳೆದು, ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲೆ ಒಣಗಲು ಇಟ್ಟೆ. ಸಂಜೆ ಹೋಗಿ ನೋಡಿದರೆ ಎರಡು ಹೋಳು.

ಅತ್ತೆ ಎರಡೂ ಹೋಳನ್ನು ಜೋಡಿಸಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು. "ನಮ್ಮವ್ವ ಕೊಟ್ಟಿದ್ದು," ಅಂದರು, ಅಷ್ಟೆ. ಇಂಥ ಹೊತ್ತಿನಲ್ಲಿ ಒಳ್ಳೆಯವರು ಕ್ಷಮೆ ಕೇಳುತ್ತಾರೆ. ನಾನು ಸುಳ್ಳು ಹೇಳಿದೆ.

"ನಮ್ಮಜ್ಜಿದು ಇಂಥದ್ದೇ ಒಂದಿದೆ ಅತ್ತೆ. ಹಳೇದು. ತವರಿಂದ ತಂದ್ಬಿಡ್ತೀನಿ."

ಅತ್ತೆ ತಲೆ ಎತ್ತಿದರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನನ್ನು ಒಬ್ಬ ಮನೆತನಸ್ಥರ ಮಗಳನ್ನು ನೋಡಿದಂತೆ ನೋಡಿದರು. ಆ ನೋಟಕ್ಕಾಗಿ ನಾನು ಇನ್ನೂ ಹತ್ತು ಸುಳ್ಳು ಹೇಳುತ್ತಿದ್ದೆ. ಹೇಳಿದೆ ಕೂಡ, ಮುಂದೆ ಬರುತ್ತದೆ.

ಭಾನುವಾರ ತವರಿಗೆಂದು ಹೊರಟವಳು ಶಿವಾಜಿನಗರದ ಬಸ್ಸು ಹತ್ತಿದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಗುಜರಿ ಸಾಮಾನು ಹರಡಿಕೊಂಡು ಕೂರುತ್ತಿದ್ದರು. ಬಾಗಿಲಿಲ್ಲದ ಫ್ರಿಜ್ಜು, ಹಿಡಿಯಿಲ್ಲದ ಕುಕ್ಕರು, ಒಂಟಿ ಬೂಟು. ಮರದ ತಟ್ಟೆ ಕೇಳಿದರೆ ಎಲ್ಲರೂ ಕ್ಯಾರಂ ಬೋರ್ಡ್ ತೋರಿಸಿದರು. ಕೊನೆಗೆ ಒಬ್ಬ ಮುದುಕರು ಟೇಪ್ ರೆಕಾರ್ಡರುಗಳ ಅಡಿಯಿಂದ ಒಂದನ್ನು ಎಳೆದು, ಲುಂಗಿಯ ತುದಿಯಲ್ಲಿ ಧೂಳು ಒರೆಸಿ ಮುಂದಿಟ್ಟರು.

"ಲೇವ್ ಅಮ್ಮಾ. ಮಜಬೂತ್ ಮಾಲು. ಫಾರಿನ್ ಸ್ಟೂಡೆಂಟು ಯಾರೋ ರೂಮು ಖಾಲಿ ಮಾಡಿದ್ರಲ್ಲಾ, ಅದ್ರಲ್ಲಿ ಬಂದಿದ್ದು."

ನಾನು ರೊಟ್ಟಿ ಬಡಿದ ತಟ್ಟೆ ಅದೇ. ದುಂಡಗೆ, ಭಾರವಾಗಿ, ಕಪ್ಪಗೆ. ಅಂಚಿನಲ್ಲಿ ಹಾವೋ ಜಡೆಯೋ ತಿಳಿಯದ ಹೆಣಿಗೆ, ಹಕ್ಕಿ, ಮೇಲೆ ಅಂಥದ್ದೇ ಮುಖ. ಜೊತೆಗೆ ಮೊಳದಷ್ಟು ಉದ್ದದ ಕೆತ್ತನೆಯ ಕೋಲೊಂದನ್ನೂ ಕೊಟ್ಟರು. ಒಂದು ತುದಿ ಚೂಪು, ನಡುವೆ ಮಂಡಿಯೂರಿ ಕೂತ ಹೆಂಗಸು. "ಇದೂ ಇಟ್ಕೊಳ್ಳಿ, ಜೋಡಿ ಬಂದಿದ್ದು, ಬೇರೆ ಮಾಡ್ಬಾರ್ದು," ಅಂದರು. ಅದನ್ನು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಮನೆಗೆ ತಂದು ಅತ್ತೆಯ ಮುಂದಿಟ್ಟಾಗ ಅವರು ಮೊದಲು ನೋಡಿದ್ದೇ ಆ ಮುಖವನ್ನು.

"ಇದ್ಯಾರವಾ?"

ದಾರಿಯುದ್ದಕ್ಕೂ ಎಲ್ಲ ಪ್ರಶ್ನೆಗೂ ಉತ್ತರ ತಯಾರು ಮಾಡಿಕೊಂಡಿದ್ದೆ, ಇದೊಂದನ್ನು ಬಿಟ್ಟು. "ನಮ್ಮಜ್ಜಿ ಮನೆ ದೇವ್ರು," ಅಂದುಬಿಟ್ಟೆ. ಅತ್ತೆ ತಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕುಂಕುಮದ ಭರಣಿ ತಂದು ಆ ಹಣೆಗೆ ಒಂದು ಬೊಟ್ಟಿಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ರೊಟ್ಟಿಗೆ ಕೂರುವ ಮುಂಚೆ ಆ ಮುಖಕ್ಕೆ ಕೈಮುಗಿಯದೆ ಹಿಟ್ಟು ಮುಟ್ಟುತ್ತಿರಲಿಲ್ಲ. ನಾನೂ ಮುಗಿಯಬೇಕಾಯಿತು, ನಮ್ಮ ಮನೆದೇವರಲ್ಲವೇ.

ದೇವರು ಕಣ್ಣು ಬಿಟ್ಟನೋ, ಆ ಅಂಚಿನ ಮಹಿಮೆಯೋ, ನನ್ನ ರೊಟ್ಟಿ ದುಂಡಗಾಯಿತು. ಕಾರಣ ಬಹಳ ಸರಳ. ಹಿಟ್ಟು ಎಲ್ಲಿಗೆ ಓಡಿದರೂ ಸುತ್ತ ಅಂಚು ತಡೆಯುತ್ತಿತ್ತು. ಬಡಿದು ಬಡಿದು ಅಂಚಿಗೆ ಮುಟ್ಟಿಸಿ, ತಟ್ಟೆಯನ್ನೇ ಬೋರಲು ಹಾಕಿ ಅಂಗೈಗೆ ಇಳಿಸಿಕೊಂಡರೆ ಆಯಿತು. ಕುಶಲತೆ ನನ್ನದಲ್ಲ, ಕೆತ್ತಿದವನದು. ಆದರೆ ಹೊಗಳಿಕೆ ನನಗೆ ಬಂತು. ಅತ್ತೆ ಮೊದಲ ದುಂಡನೆಯ ರೊಟ್ಟಿಯನ್ನು ತಿನ್ನದೆ, ನಮ್ಮ ಸಾಲಿನ ನಾಲ್ಕು ಮನೆಗೆ ಒಯ್ದು ತೋರಿಸಿ ಬಂದರು. ಎಲ್ಲ ಅವರ ಕಡೆಯ ಹೆಂಗಸರೇ. "ಅಜ್ಜಿ ತಟ್ಟಿ ಕೈಗೆ ಬಂದಿದ್ದೇ ತಡ, ಹ್ಯಾಂಗ ಬಡೀತಾಳ ನೋಡ್ರಿ. ರಕ್ತದಾಗ ಇತ್ತು," ಅಂದರಂತೆ. ಬಳಗದವರು ಬಂದಾಗ ರೊಟ್ಟಿಗೆ ನಾನು ಕೂತೆ, ಪಲ್ಯಕ್ಕೆ ಅತ್ತೆ. ಮುಖದ ಮೇಲೆ ಒಂದಿಷ್ಟು ಹಿಟ್ಟು ಬೇಕೆಂದೇ ಬಿಟ್ಟುಕೊಂಡು ಬಡಿಸುತ್ತಿದ್ದೆ.

ಆ ಕೋಲಿಗೂ ಒಂದು ಕೆಲಸ ಸಿಕ್ಕಿತು. ಮಂಡಿನೋವಿನ ಅತ್ತೆ ಗೋಡೆಗೊರಗಿ ಕೂತಲ್ಲಿಂದ ನನ್ನನ್ನು ಕರೆಯಲು ಅದರಿಂದ ತಟ್ಟೆಯ ಅಂಚನ್ನು ಟಕಟಕ ಬಡಿಯುತ್ತಿದ್ದರು. ಎಲ್ಲಿದ್ದರೂ ನಾನು ಹಾಜರ್.

ಮನೆಯಲ್ಲಿ ನನಗೆ ಇನ್ನೊಂದು ಹುದ್ದೆಯೂ ಇತ್ತು. ಇಂಗ್ಲಿಷಿನಲ್ಲಿ ಬಂದದ್ದೆಲ್ಲ ನನ್ನ ಮೂಲಕವೇ ಅತ್ತೆಗೆ ಹೋಗಬೇಕು. ಕಾರ್ಖಾನೆಯ ಕಾಗದ, ಔಷಧಿ ಚೀಟಿ, ಗ್ಯಾಸ್ ಒಲೆಯ ಪುಸ್ತಕ. ನನ್ನ ಇಂಗ್ಲಿಷ್ ಅಪ್ಪನ ಅಂಗಡಿಯದು, ಪ್ಯಾಂಟಿನ ಅಳತೆಯವರೆಗೆ ಚೆನ್ನಾಗಿತ್ತು, ಆಚೆ ಅಂದಾಜು. ಅತ್ತೆಗೆ ಕ್ರಿಕೆಟ್ ನೋಡುವ ಹುಚ್ಚು. ಕಾಮೆಂಟರಿಯವನು ಒಂದು ನಿಮಿಷ ಮಾತಾಡಿದರೆ, "ಏನಂತಾನ?" ಎಂದು ನನ್ನ ಕಡೆ ತಿರುಗುತ್ತಿದ್ದರು. ಗೊತ್ತಿಲ್ಲ ಅನ್ನಲು ನಾಚಿಕೆ. "ಆ ಬ್ಯಾಟಿಂಗ್ ಮಾಡ್ತಿರೋನ ಹೆಂಡ್ತಿಗೆ ದಿನ ತುಂಬಿದೆಯಂತೆ, ಅದಕ್ಕೇ ಮನಸ್ಸು ಆಟದಲ್ಲಿಲ್ಲ," ಅನ್ನುತ್ತಿದ್ದೆ. ಅವನು ಔಟಾದರೆ ಅತ್ತೆ, "ಪಾಪ," ಅನ್ನುತ್ತಿದ್ದರು. ಸುಳ್ಳಿಗೆ ನಾಲಗೆ ಹೀಗೆಯೇ ಪಳಗುತ್ತದೆ, ಯಾರಿಗೂ ನೋವಾಗದ ಜಾಗದಲ್ಲಿ.

ನಾವಿದ್ದ ಕಟ್ಟಡದ ತಾರಸಿಯಲ್ಲಿ ಒಂಟಿ ಕೋಣೆ. ಅದಕ್ಕೆ ನೈಜೀರಿಯಾದ ಒಬ್ಬ ವಿದ್ಯಾರ್ಥಿ ಬಂದ. ಹೆಸರು ಶೆಗುನ್. ಕೆ.ಆರ್. ಪುರದ ಕಡೆ ಒಂದು ಕಾಲೇಜಿನಲ್ಲಿ ಫಾರ್ಮಸಿ ಓದುತ್ತಿದ್ದ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚರ್ಚಿಗೆ ಹೋಗುತ್ತಿದ್ದ. ಬಾಗಿಲು ತಗ್ಗು, ಆಳು ಎತ್ತರ, ಹಾಗಾಗಿ ಎಲ್ಲಿ ನೋಡಿದರೂ ಸ್ವಲ್ಪ ಬಾಗಿಯೇ ಇರುತ್ತಿದ್ದ. ಒಂದು ಬೆಳಿಗ್ಗೆ ನೀರಿನ ಮೋಟರ್ ಹಾಕಿ ಎಂದು ಕೇಳಲು ನಮ್ಮ ಬಾಗಿಲಿಗೆ ಬಂದ. ನಾನು ರೊಟ್ಟಿ ಮುಗಿಸಿ ಏಳುತ್ತಿದ್ದೆ. ತಟ್ಟೆಯ ಮೇಲೆ ತೆಳ್ಳಗೆ ಹಿಟ್ಟು ಹರಡಿತ್ತು, ಅದರಲ್ಲಿ ನನ್ನ ಬೆರಳಿನ ಗುರುತು.

ಅವನು ಮೋಟರ್ ಮರೆತ. ಹೊಸಿಲಿನ ಆಚೆಯೇ ಕುಕ್ಕರುಗಾಲಿನಲ್ಲಿ ಕೂತು, ಮುಟ್ಟಲೇ ಎಂದು ಕೈಸನ್ನೆಯಲ್ಲಿ ಅತ್ತೆಯನ್ನು ಕೇಳಿದ. ಅತ್ತೆ ಹೂಂ ಅಂದರು. ಹಿಟ್ಟಿನಲ್ಲಿ ಎರಡು ಬೆರಳಿನಿಂದ ಗೆರೆ ಎಳೆದ. ಒಂದು ಗೆರೆ, ಕೆಳಗೆ ಜೋಡಿ ಗೆರೆ, ಮತ್ತೆ ಒಂದು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ.

ಇದು ಕಣಿ ನೋಡುವ ತಟ್ಟೆಯಂತೆ. ಅವರು ಯೊರುಬಾ ಜನ. ಅವನ ಅಜ್ಜ ಕಣಿ ಹೇಳುವವರು. ತಟ್ಟೆಯ ಮೇಲೆ ಮರದ ಪುಡಿ ಹರಡಿ, ಹದಿನಾರು ತಾಳೆ ಬೀಜಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬಾಚಿ, ಉಳಿದದ್ದು ಒಂದೋ ಎರಡೋ ನೋಡಿ ಗೆರೆ ಎಳೆಯುತ್ತಾರಂತೆ. ಇನ್ನೂರ ಐವತ್ತಾರು ಬಗೆಯ ಗೆರೆಗಳು, ಒಂದೊಂದಕ್ಕೂ ಬಾಯಿಪಾಠದ ಪದ್ಯಗಳು. ಆ ಕೋಲು ತಟ್ಟೆಯನ್ನು ಬಡಿದು ದೇವರನ್ನು ಕರೆಯಲು. ನಮ್ಮ ಮನೆಯಲ್ಲಿ ಅದು ನನ್ನನ್ನು ಕರೆಯುತ್ತದೆ ಎಂದು ನಾನು ಹೇಳಲಿಲ್ಲ. ಅಂಚಿನ ಮೇಲಿನ ಮುಖ ಎಶುವಿನದು. ಎಶು ದೇವರಿಗೂ ಮನುಷ್ಯರಿಗೂ ನಡುವೆ ಮಾತು ಒಯ್ಯುವವನು. ಅವನನ್ನು ಸರಿಯಾಗಿ ನಡೆಸಿಕೊಳ್ಳದಿದ್ದರೆ ಮಾತನ್ನು ತಿರುಚಿ ಮುಟ್ಟಿಸಿ ಜನರ ಬುದ್ಧಿ ಪರೀಕ್ಷೆ ಮಾಡುತ್ತಾನಂತೆ.

"ಏನಂತಾನ?" ಅತ್ತೆ ಕೇಳಿದರು.

ಶೆಗುನ್ ಇನ್ನೂ ಮುಗಿಸಿರಲಿಲ್ಲ. ಅವನು ಏಳು ವರ್ಷದವನಿದ್ದಾಗ ಅಪ್ಪ ಬೇರೆ ಮತಕ್ಕೆ ಸೇರಿ, ಅಜ್ಜನ ತಟ್ಟೆಯನ್ನು ಅಂಗಳದಲ್ಲಿ ಸುಟ್ಟುಹಾಕಿದರಂತೆ. ಅಜ್ಜ ಇನ್ನೂ ಇದ್ದಾರೆ, ಕಣ್ಣು ಮಂಜು. ಈಗಲೂ ಮೂಲೆಯಲ್ಲಿ ಕೂತು ಬರಿಯ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾರೆ. ಅಪ್ಪನೂ ಈಗ ಮೆತ್ತಗಾಗಿದ್ದಾರೆ, ಬೇಡ ಅನ್ನಲಾರರು. ಕೆತ್ತುತ್ತಿದ್ದವರು ಆ ಊರಿನಲ್ಲಿ ಈಗ ಯಾರೂ ಉಳಿದಿಲ್ಲ. "ನಿಮಗೆ ಇದು ಎಲ್ಲಿ ಸಿಕ್ಕಿತು?" ಎಂದು ಕೇಳಿದ. ಶಿವಾಜಿನಗರದ ಗುಜರಿಯಲ್ಲಿ ಎಂದೆ, ಇಂಗ್ಲಿಷಿನಲ್ಲಿ ನಿಜ ಹೇಳಲು ನನಗೆ ಯಾವ ತೊಂದರೆಯೂ ಇರಲಿಲ್ಲ. "ಹಾಗಾದರೆ ಅಮ್ಮ ಇದನ್ನು ನನಗೆ ಕೊಡುತ್ತಾರಾ? ನನ್ನ ಅಜ್ಜನಿಗೆ."

"ಏನಂತಾನವಾ? ಕಣ್ಣಾಗ ನೀರು ಬಂದಾವಲ್ಲ."

ನಾನು ತಟ್ಟೆಯನ್ನು ನೋಡಿದೆ. ಅದು ಹೋದರೆ ರೊಟ್ಟಿಗೆ ಮತ್ತೆ ಮೂಲೆ. ಬಳಗದವರ ಮುಂದೆ ಮತ್ತೆ ಸೌತೆಕಾಯಿ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ತಟ್ಟೆ ಅವನ ಅಜ್ಜನ ಊರಿನದು ಹೇಗಾಯಿತು ಎಂದು ಅತ್ತೆ ಕೇಳುತ್ತಾರೆ. ಆ ಮೊದಲ ದಿನದ ನೋಟ ಇನ್ನು ನನಗೆ ಸಿಗುವುದಿಲ್ಲ.

"ರೊಟ್ಟಿ ವಾಸ್ನೆ ಚೆನ್ನಾಗಿದೆ ಅಂತಾರೆ ಅತ್ತೆ. ಅವ್ರ ಊರು ನೆನಪಾಯ್ತಂತೆ."

"ಅಯ್ಯ ಶಿವನ," ಎಂದು ಅತ್ತೆ ಮಂಡಿ ಹಿಡಿದುಕೊಂಡು ಎದ್ದು, ನಾಲ್ಕು ರೊಟ್ಟಿಯ ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ ಹಾಕಿ ಅವನ ಕೈಗಿಟ್ಟರು. "ತಗೋ ತಮ್ಮ, ಹೊಟ್ಟಿ ತುಂಬ ಉಣ್ಣು." ಅವನು ರೊಟ್ಟಿಯನ್ನೂ ನನ್ನನ್ನೂ ನೋಡಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ, "ಅಮ್ಮ ಯೋಚಿಸಬೇಕಂತೆ. ಅವರಿಗೆ ಇದರ ಮೇಲೆ ಬಹಳ ಪ್ರೀತಿ." ತಪ್ಪು ಅತ್ತೆಯ ತಲೆಗೆ ಹೋಯಿತು, ಅವರಿಗೆ ಗೊತ್ತಿಲ್ಲದೆ. ಎರಡೂ ಕಡೆ ಮಾತು ತಿರುಚುವವಳನ್ನು ಅಂಚಿನ ಮೇಲಿದ್ದ ಎಶು ಕಣ್ಣು ಉಬ್ಬಿಸಿಕೊಂಡು ನೋಡುತ್ತಿದ್ದ. ಅವನ ಹಣೆಯ ಮೇಲೆ ಕುಂಕುಮವಿತ್ತು.

ಕೆಲವು ತಿಂಗಳು ಬಿಟ್ಟು ಎರಡನೆಯ ಸಲ ಬಂದ. ಕೈಯಲ್ಲಿ ಫಳಫಳ ಹೊಳೆಯುವ ದೊಡ್ಡ ಸ್ಟೀಲ್ ಪರಾತ, ಹಿಟ್ಟು ನಾದುವ ಅಗಲ ತಟ್ಟೆ. ಶಿವಾಜಿನಗರದಲ್ಲಿ ಹುಡುಕಿ ತಂದೆ, ಅಮ್ಮನ ಅಡುಗೆಗೆ ತೊಂದರೆಯಾಗಬಾರದು, ಇದನ್ನು ಇಟ್ಟುಕೊಂಡು ಅದನ್ನು ಕೊಡಬಹುದಾ, ಎಂದು ಕೇಳಿದ.

"ಏನಂತಾನ?"

"ಹಬ್ಬಕ್ಕೆ ನಿಮಗೆ ಅಂತ ತಂದಿದಾರೆ ಅತ್ತೆ."

ಅದು ಯಾವ ಹಬ್ಬ ಎಂದು ಅತ್ತೆ ಕೇಳಲಿಲ್ಲ. ಪರಾತವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಸ್ವಂತ ಮಗ ಇಷ್ಟು ವರ್ಷದಲ್ಲಿ ಒಂದು ಚಮಚ ತಂದಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಎಂಟು ರೊಟ್ಟಿ ಕಟ್ಟಿಕೊಟ್ಟರು, ಜೊತೆಗೆ ಎಣ್ಣೆಗಾಯಿ. ಶೆಗುನ್ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದ. ಪರಾತ ಒಳಗೆ ಹೋಯಿತು, ತಟ್ಟೆ ಹೊರಗೆ ಬರಲಿಲ್ಲ. "ಇನ್ನೂ ಸ್ವಲ್ಪ ದಿನ," ಎಂದು ನಾನು ಗೊಣಗಿದೆ. "ಪರವಾಗಿಲ್ಲ, ಹಿರಿಯರನ್ನು ಅವಸರಪಡಿಸಬಾರದು," ಅಂದ. ಬೈದಿದ್ದರೆ ನಾನು ಅವನನ್ನು ಬೈದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆ ರಾತ್ರಿ ನನಗೆ ರೊಟ್ಟಿ ಸೇರಲಿಲ್ಲ, ಅನ್ನ ಉಂಡೆ. ಬೆಳಿಗ್ಗೆ ಎದ್ದು ಮತ್ತೆ ಅದೇ ತಟ್ಟೆಗೆ ಹಿಟ್ಟು ಉದುರಿಸಿದೆ, ಅದೂ ನಿಜವೇ.

ಮೂರನೆಯ ಸಲ ಬಂದಾಗ ಅವನ ಓದು ಮುಗಿದಿತ್ತು. ಶನಿವಾರ ಊರಿಗೆ ಹೊರಡುವವನಿದ್ದ. ಕುತ್ತಿಗೆಯಲ್ಲಿ ಯಾರಿಂದಲೋ ಎರವಲು ತಂದ ಕ್ಯಾಮೆರಾ. ಹೊಸಿಲಿನ ಆಚೆ ಅದೇ ಜಾಗದಲ್ಲಿ ಕೂತ. "ಅಮ್ಮನಿಗೆ ಹೇಳಿ, ಎರಡು ಸಲ ಕೇಳಿ ತೊಂದರೆ ಕೊಟ್ಟೆ. ಕ್ಷಮಿಸಬೇಕು. ಪ್ರತಿ ಸಲವೂ ಅವರು ಊಟ ಕೊಟ್ಟು ಕಳಿಸಿದರು, ಆಗಲೇ ನನಗೆ ಅರ್ಥವಾಯಿತು, ಇದನ್ನು ಕೊಡುವುದು ಅವರಿಗೆ ಕಷ್ಟ ಅಂತ. ಇವತ್ತು ಕೇಳಲು ಬಂದಿಲ್ಲ. ಒಂದು ಫೋಟ ತೆಗೆದುಕೊಳ್ಳಲಾ? ಅಜ್ಜನಿಗೆ ಕಣ್ಣು ಕಾಣುವುದಿಲ್ಲ, ಆದರೂ ಇದೆ ಅಂತ ಹೇಳುತ್ತೇನೆ."

"ಏನಂತಾನ?" ಅಂದರು ಅತ್ತೆ.

ನಾಲಗೆಯ ಮೇಲೆ ಸುಳ್ಳು ಸಿದ್ಧವಾಗಿಯೇ ಇತ್ತು. ನಮ್ಮ ಫೋಟ ಬೇಕಂತೆ, ಅಂದರೆ ಮುಗಿಯುತ್ತಿತ್ತು. ಆದರೆ ಕಾಣದ ಕಣ್ಣಿನ ಮುದುಕರಿಗೆ ತೋರಿಸಲು ಫೋಟ ಎಂಬ ಮಾತನ್ನು ದಾಟಿ ಹೋಗಲು ಆಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬಾಯಿ ಬಿಟ್ಟರೆ ನಿಜವೇ ಬಂತು, ಅವನು ಹೇಳಿದ್ದೆಲ್ಲ, ಮೊದಲನೆಯ ಸಲದ್ದೂ ಸೇರಿ. ಅಜ್ಜ, ಸುಟ್ಟ ತಟ್ಟೆ, ನೆಲದ ಮೇಲಿನ ಗೆರೆ, ಪರಾತ, ಎಲ್ಲ. ಒಂದನ್ನು ಬಿಟ್ಟು. ಗುಜರಿ ಎಂಬುದನ್ನು ನಾನು ಆಗಲೂ ನುಂಗಿಕೊಂಡೆ.

ಅತ್ತೆ ಬೆರಳು ಮಡಚಿ ಎಣಿಸಿದರು.

"ಎರಡು ಸಲ ಕೇಳ್ಯಾನ," ಅಂದರು. "ಎರಡು ಸಲಾನೂ ನಾ ರೊಟ್ಟಿ ಕೊಟ್ಟು ಕಳಿಸೀನಿ. ಪರಾತ ಬ್ಯಾರೆ ಇಸ್ಕೊಂಡೀನಿ."

"ತಪ್ಪಾಯ್ತು ಅತ್ತೆ."

"ನಿನ್ನ ತಪ್ಪೇನದ ಅದ್ರಾಗ," ಅಂದರು. ನಾನು ಬೆಚ್ಚಿ ನೋಡಿದೆ. "ತವರುಮನಿ ಸಾಮಾನು. ನಿಮ್ಮಜ್ಜಿ ಕೈಯಾಡಿಸಿದ್ದು. ಅದು ಹೋಗತದ ಅಂದ್ರ ಯಾವ ಹೆಣ್ಣಿಗಿ ಹೊಟ್ಟ್ಯಾಗ ಸಂಕಟ ಆಗಲ್ಲ? ನಂದು ಒಡದಾಗ ನನಗ ಆಗಿಲ್ಲೇನು? ಅದಕ್ಕ ಮುಚ್ಚಿಟ್ಟಿ. ತಿಳೀತದ ನನಗ." ಆಮೇಲೆ ತಟ್ಟೆಯನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡು ಸೆರಗಿನಿಂದ ಹಿಟ್ಟು ಒರೆಸುತ್ತ ಕೇಳಿದರು, "ಇದು ನಿಂದು. ನಿನ್ನ ಕೇಳದ ನಾ ಹ್ಯಾಂಗ ಕೊಡ್ಲಿ? ಆ ಮುದುಕಪ್ಪ ನೆಲದ ಮ್ಯಾಲ ಗೀರ್ಲಾಕತ್ತಾನಂತ. ಕೊಡ್ಲೇನವಾ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಇದು ನಮ್ಮಜ್ಜಿಯದಲ್ಲ ಅತ್ತೆ, ಮೂರೇ ಮಾತು. ನಾನು ಕಣ್ಣು ತುಂಬಿಕೊಂಡು, ರಾಜ್ಯವನ್ನೇ ಬಿಟ್ಟುಕೊಡುವವಳ ಧ್ವನಿಯಲ್ಲಿ, "ಕೊಡಿ ಅತ್ತೆ," ಅಂದೆ.

ಅತ್ತೆ ತಟ್ಟೆಯನ್ನೂ ಕೋಲನ್ನೂ ಅವನ ಕೈಗಿಟ್ಟರು. "ಹೇಳವಗ. ಇದು ನನ್ನ ಸೊಸಿ ಅಜ್ಜಿದು. ಅವರ ಮನಿ ದೇವರು. ಆಕಿ ತನ್ನ ಕೈಯಾರೆ ಕೊಡ್ಲಾಕತ್ತಾಳಂತ ಹೇಳು. ಪೂರಾ ಹೇಳು, ಏನೂ ಬಿಡಬ್ಯಾಡ."

ಗುಜರಿಯಲ್ಲಿ ಕೊಂಡದ್ದೆಂದು ನನ್ನ ಬಾಯಿಂದಲೇ ಕೇಳಿದ್ದ ಮನುಷ್ಯನಿಗೆ ನಾನು ಈಗ ಇದನ್ನು ಹೇಳಬೇಕು. ಹೇಳಿದೆ. ಒಂದಕ್ಷರ ಬಿಡಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಅನುವಾದ ಅದು, ಮೊದಲಿಂದ ಕೊನೆಯವರೆಗೆ ಸುಳ್ಳು. ಶೆಗುನ್ ನನ್ನನ್ನೇ ನೋಡಿದ. ಎರಡು ಸಲದ ರೊಟ್ಟಿ, ಪರಾತ, "ಅಮ್ಮ ಯೋಚಿಸಬೇಕಂತೆ," ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದದ್ದು ನನಗೆ ಕಂಡಿತು. ಅವನು ಅತ್ತೆಗೆ ಒಂದು ಮಾತು ಹೇಳುವ ಹಾಗಿರಲಿಲ್ಲ, ಭಾಷೆ ಬರುತ್ತಿರಲಿಲ್ಲ. ಆದರೆ ತಲೆ ಅಡ್ಡ ಆಡಿಸಿದ್ದರೂ ಸಾಕಿತ್ತು.

ಅವನು ಹೊಸಿಲು ದಾಟಿ ಒಳಗೆ ಬಂದು ತಟ್ಟೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಓಣಿಯಷ್ಟಗಲದ ಆ ನಡುಮನೆಯಲ್ಲಿ ಉದ್ದಕ್ಕೆ ಬೋರಲು ಮಲಗಿ ಅತ್ತೆಯ ಕಾಲಿಗೆ ಅಡ್ಡಬಿದ್ದ. ಅವರ ಕಡೆ ಗಂಡಸರು ಹಿರಿಯರಿಗೆ ಹಾಗೆಯೇ ನಮಸ್ಕಾರ ಮಾಡುತ್ತಾರಂತೆ. ಅತ್ತೆಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ, ತಲೆ ಮುಟ್ಟಿ ಹರಸಿದರು. ಆಮೇಲೆ ಎದ್ದು, ಇಪ್ಪತ್ತಾರು ವರ್ಷದ ನನ್ನ ಮುಂದೆಯೂ ಅದೇ ರೀತಿ ಮಲಗಿದ. "ಇದು ನಿಮ್ಮ ಅಜ್ಜಿಗೆ," ಎಂದ. ಅದರಲ್ಲಿ ಅಣಕವಿತ್ತೋ ಕೃತಜ್ಞತೆಯಿತ್ತೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಸಕ್ಕರೆ ಲೋಟಕ್ಕೆ ಬೆರಳು ಸವರುತ್ತಿದ್ದ ನಮ್ಮಜ್ಜಿಯ ಹೆಸರಿನಲ್ಲಿ ನಾನು ನಿಂತಲ್ಲೇ ನಿಂತು ಅದನ್ನು ತೆಗೆದುಕೊಂಡೆ. ಪಾದ ಹಿಂದಕ್ಕೆಳೆದುಕೊಳ್ಳಲು ಹಿಂದೆ ಜಾಗವಿರಲಿಲ್ಲ, ಗೋಡೆ.

ಶನಿವಾರ ಅವನು ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಆಟೋ ಹತ್ತಿದ. ಭಾನುವಾರದಿಂದ ನಾನು ಪರಾತದ ಬೆನ್ನಿನ ಮೇಲೆ ರೊಟ್ಟಿ ಬಡಿಯತೊಡಗಿದೆ. ಮೂಲೆಗಳೆಲ್ಲ ಒಂದೂ ತಪ್ಪದೆ ವಾಪಸು ಬಂದವು, ಇವತ್ತಿಗೂ ಹೋಗಿಲ್ಲ. ಆದರೆ ಬಳಗದವರ ಮುಂದೆ ಅತ್ತೆ ನನ್ನನ್ನು ಪಲ್ಯಕ್ಕೆ ಕಳಿಸಲಿಲ್ಲ. ಅವರಿಗೀಗ ಎಂಬತ್ತು ದಾಟಿದೆ. ಮನೆಗೆ ಯಾರೇ ಬರಲಿ, ನನ್ನ ಸೊಟ್ಟ ರೊಟ್ಟಿಯನ್ನು ತಾವೇ ಎತ್ತಿ ತೋರಿಸಿ, ಯಾರೂ ಕೇಳದಿದ್ದರೂ ಶುರು ಮಾಡುತ್ತಾರೆ: "ರೊಟ್ಟಿ ಸೊಟ್ಟ ಅದಾವಂತ ನಗಬ್ಯಾಡ್ರಿ. ಈಕಿ ದುಂಡಗ ಬಡೀತಿದ್ಲು. ಅಜ್ಜಿ ತಟ್ಟಿ, ಮನಿದೇವ್ರು ಸಮೇತ, ಕಣ್ಣಿಲ್ಲದ ಮುದುಕಗ ಕೊಟ್ಟಾಳ. ಎಷ್ಟು ಮಂದಿ ಕೊಡ್ತಾರ ಹೇಳ್ರಿ?"

ಆಗ ನಾನು ತಲೆ ಎತ್ತದೆ ಹಿಟ್ಟು ನಾದುತ್ತ ಕೂರುತ್ತೇನೆ. ಅದನ್ನೂ ಅವರು ನನ್ನ ವಿನಯ ಎಂದೇ ತಿಳಿದಿದ್ದಾರೆ.